ಚೂಟಿಯನ್ನು ಕಳಿಸಿದ್ದು

ಮಾರ್ಚ್ 4
ಕೊಳ ತೊಳೆದೆ. ಚೂಟಿ ಬ್ರಷ್ ಕಿತ್ತುಕೊಂಡು ಓಡಿದಳು, ಎಂದಿನಂತೆ. ಈ ಮೃಗಾಲಯದಲ್ಲಿ ಉಳಿದಿರುವ ಒಂದೇ ನೀರುನಾಯಿ. ಕಣ್ಣು ಬಿಡುವ ಮೊದಲೇ ನನ್ನ ಕೈಗೆ ಬಂದವಳು, ಬಾಟಲಿ ಹಾಲಲ್ಲಿ ಬೆಳೆದವಳು.
ಡಾಕ್ಟರು ಬಂದರು. ಆರ್ಡರ್ ಆಗಿದೆಯಂತೆ — ದೂರದ ಇನ್ನೊಂದು ಮೃಗಾಲಯದಲ್ಲಿ ಗಂಡೊಂದು ಒಂಟಿಯಾಗಿದೆ, ಅದಕ್ಕೆ ಜೊತೆ ಮಾಡಬೇಕು. ನಾನೇ ಕರೆದುಕೊಂಡು ಹೋಗಬೇಕು. ಸಂಬಂಧ ಕೂಡಿ ಬಂತು ಅಂದುಕೊಳ್ಳಿ ಎಂದು ನಕ್ಕರು. ನಾನೂ ನಕ್ಕೆ.

ಮಾರ್ಚ್ 6
ರಸ್ತೆಯಲ್ಲಾದರೆ ಎರಡು ದಿನ, ತಡೆಯಲಾರಳು. ವಿಮಾನದಲ್ಲಿ ಸಾವಿರದ ನೂರು ಕಿಲೋಮೀಟರ್, ಎರಡು ಗಂಟೆಯೂ ಇಲ್ಲ. ಏನು ಮಹಾ ಅನಿಸುತ್ತದೆ. ಆದರೆ ಚೂಟಿಗೆ ಲೆಕ್ಕ ಶುರುವಾಗುವುದು ಪೆಟ್ಟಿಗೆಯೊಳಗೆ ಹೊಕ್ಕ ಗಳಿಗೆಯಿಂದ. ಇಲ್ಲಿ ಕಾಯುವುದು, ಅಲ್ಲಿ ಇಳಿಸುವುದು ಎಲ್ಲ ಸೇರಿ ಆರು ಗಂಟೆ. ಮೈ ಬಿಸಿಯಾಗಬಾರದು. ಐಸ್ ತಟ್ಟೆ ಇಟ್ಟರೆ ಇನ್ನೂ ಒಂದು ಗಂಟೆ ಹೆಚ್ಚಾದರೂ ಪರವಾಗಿಲ್ಲ ಎಂದರು ಡಾಕ್ಟರು.

ಮಾರ್ಚ್ 17, ಸಂಜೆ
ಹೋಗಲಿಲ್ಲ.
ವಿಮಾನ ಮುಕ್ಕಾಲು ಗಂಟೆ ಲೇಟ್ ಎಂದರು. ಕಾರ್ಗೋ ಶೆಡ್ಡಿನಲ್ಲಿ ಸೆಖೆ. ಚೂಟಿ ಜಾಲರಿಗೆ ಮೂಗು ಒತ್ತಿ ಒಂದೇ ಸಮ ಶಿಳ್ಳೆ ಹಾಕುತ್ತಿದ್ದಳು — ಮರಿಯಾಗಿದ್ದಾಗ ನನ್ನನ್ನು ಕರೆಯುತ್ತಿದ್ದಳಲ್ಲ, ಅದೇ ಥರ. ಡಾಕ್ಟರಿಗೆ ಫೋನ್ ಮಾಡಿದೆ. ಇನ್ನೂ ಟೈಮಿದೆ, ಹೊರಡಿ ಎಂದರು. ಕೇಳಲಿಲ್ಲ. ಪೆಟ್ಟಿಗೆಯನ್ನು ವಾಪಸ್ ವ್ಯಾನಿಗೆ ಹಾಕಿಸಿಬಿಟ್ಟೆ.
ಡಾಕ್ಟರು ಬೈಯಲಿಲ್ಲ. ಜ್ವರ ನೋಡಿದರು. ನಾರ್ಮಲ್.
"ಇವಳಿಗೇನೂ ಆಗಿಲ್ಲಮ್ಮ," ಅಂದರು. "ಆಗಿರೋದು ನಿಮಗೆ."
ಮನೆಯಲ್ಲಿ ಊಟ ಸೇರಲಿಲ್ಲ. ನಮ್ಮನೆಯವರೇ ತಟ್ಟೆ ಎತ್ತಿದರು.

ಮಾರ್ಚ್ 18
ಡಾಕ್ಟರು ಹೇಳಿದ್ದು ನಿಜ. ಸೆಖೆ ಬರೀ ನೆಪ.
ಮಧ್ಯಾಹ್ನವೆಲ್ಲ ಚೂಟಿ ಚೆಂಡು ಉರುಳಿಸಿಕೊಂಡು ಆಡಿದಳು. ಒಬ್ಬಳೇ. ಅವಳ ಕುಲದವರು ಗುಂಪು ಕಟ್ಟಿಕೊಂಡು ಬಾಳುವವರು. ನಾನೋ, ಡ್ಯೂಟಿ ಮುಗಿದರೆ ಗೇಟು ಹಾಕಿಕೊಂಡು ಮನೆಗೆ ಹೊರಡುವವಳು...
ಆಫೀಸಿಗೆ ಹೋದೆ. ಮುಂದಿನ ವಾರ ಬೆಳಗಿನ ಮೊದಲ ವಿಮಾನಕ್ಕೆ ಬುಕ್ ಮಾಡಿ ಎಂದೆ. ಬೇರೆಯವರನ್ನು ಕಳಿಸಲೇ ಎಂದು ಕೇಳಿದರು. ಬೇಡ. ನಾನೇ.

ಮಾರ್ಚ್ 25
ಹತ್ತಿದೆವು. ನಾನು ಕಿಟಕಿ ಸೀಟಿನಲ್ಲಿ, ಅವಳು ನನ್ನ ಕಾಲ ಕೆಳಗೆ ಎಲ್ಲೋ ಕಾರ್ಗೋದಲ್ಲಿ. ಮಗಳ ಮನೆಗಾ ಎಂದು ಪಕ್ಕದ ಅಜ್ಜಿ ಕೇಳಿದರು. ಹೂಂ ಅಂದೆ.
ಇಳಿಸಿದಾಗ ಚೂಟಿ ಒದ್ದೆಯಾಗಿ, ಮುಖ ಊದಿಸಿಕೊಂಡು, ಗಟ್ಟಿಮುಟ್ಟಾಗಿಯೇ ಇದ್ದಳು.
ಅಲ್ಲಿಯ ಕೀಪರ್ ಮಿತಭಾಷಿ. "ಬಾಗಿಲು ನೀವೇ ತೆಗೀರಿ," ಅಂದ. ತೆಗೆದೆ. ಹೊರಬಂದು ನನ್ನ ಬೂಟು ಮೂಸಿದಳು. ಕೊಳದಲ್ಲಿ ಗಂಡು ತಲೆ ಎತ್ತಿತು. ಸ್ವಲ್ಪ ಹೊತ್ತು ಇಬ್ಬರೂ ಅಲುಗಾಡಲಿಲ್ಲ. ಆಮೇಲೆ ಚೂಟಿ ಹೋದಳು.

ಮಾರ್ಚ್ 29
ಇವತ್ತು ಆ ಕೀಪರ್ ತಾನಾಗಿಯೇ ಫೋನ್ ಮಾಡಿದ. ಮೊದಲೆರಡು ದಿನ ಏನೂ ಮುಟ್ಟಿರಲಿಲ್ಲವಂತೆ, ನಾನು ಗಾಬರಿಯಾಗುತ್ತೇನೆಂದು ಹೇಳಿರಲಿಲ್ಲ. ಈಗ ಚೆನ್ನಾಗಿ ತಿನ್ನುತ್ತಿದ್ದಾಳೆ. ಬೆಳಿಗ್ಗೆ ಒಂದು ಮೀನನ್ನು ಕಚ್ಚಿಕೊಂಡು ಹೋಗಿ ಗಂಡಿನ ಮುಂದೆ ಇಟ್ಟಳಂತೆ, ತಾನೇ.
ಚೂಟಿ!
ಇಷ್ಟು ವರ್ಷ ನನ್ನ ಕೈಯಿಂದ ಕಿತ್ತುಕೊಂಡಿದ್ದೇ ಕಿತ್ತುಕೊಂಡಿದ್ದು. ಒಂದು ದಿನವಾದರೂ, ಒಂದೇ ಒಂದು ಮೀನನ್ನು ನನಗೆ —