ಇವತ್ತಿನ ಅಳತೆ

ಪೆಟಾಲಿಂಗ್ ಜಯಾ
೧೬-೧೦-೨೦೨೫, ಗುರುವಾರ

ಚಿರಂಜೀವಿ ಭುವನನಿಗೆ,

ಅಮ್ಮನ ಆಶೀರ್ವಾದ. ಹೇಗಿದ್ದೀಯಪ್ಪ? ಹೋದ ಸಲ ಬಂದಾಗ ಎಡಗಣ್ಣು ಕೆಂಪಗಿತ್ತು, ಉಪ್ಪುಗಾಳಿಗೆ ಅಂದೆ. ಕಡಿಮೆಯಾಯಿತೋ ಇಲ್ಲವೋ? ಸಮುದ್ರದ ನಡುವೆ ಕಬ್ಬಿಣದ ಕಾಲುಗಳ ಮೇಲೆ ನಿಂತಿರುವ ನಿಮ್ಮ ಎಣ್ಣೆಬಾವಿಯ ಅಟ್ಟದಲ್ಲಿ ಈಗ ಗಾಳಿ ಜೋರಂತೆ, ನಿನ್ನ ಜೊತೆ ಕೆಲಸದ ಚಾರ್ಲ್ಸ್ ಹೇಳಿದ. ಹೊರಗೆ ನಿಲ್ಲುವಾಗ ಕಿವಿಗೆ ಹತ್ತಿ ಇಟ್ಟುಕೋ. ನನ್ನ ಮಂಡಿ ಹಾಗೇ ಇದೆ, ಲಿಫ್ಟ್ ಕೆಟ್ಟ ದಿನ ಮಾತ್ರ ಅದರ ಜ್ಞಾಪಕ ಬರುತ್ತೆ. ನನ್ನ ಸೊಸೆ ಗಾನವಿ ಆಫೀಸು, ಮನೆ ಅಂತ ಓಡಾಡಿಕೊಂಡಿದ್ದಾಳೆ. ನಿನ್ನ ಮಗಳು ಇಂಚರ ಚೆನ್ನಾಗಿದ್ದಾಳೆ. ಈ ಮಾತನ್ನು ಮೊದಲೇ ಬರೆದಿಟ್ಟಿದ್ದೇನೆ, ಯಾಕೆಂದರೆ ಮುಂದೆ ಓದುವಾಗ ನಿನ್ನ ಎದೆ ಹೊಡೆದುಕೊಳ್ಳುತ್ತೆ. ಆಗ ಈ ಸಾಲಿಗೆ ವಾಪಸ್ ಬಾ. ಮಗು ಚೆನ್ನಾಗಿದೆ.

ನಾಡಿದ್ದು ಮನೆಗೇ ಬರುವವನಿಗೆ ಯಾಕಮ್ಮ ಕಾಗದ ಅಂತೀಯ. ಫೋನಲ್ಲಿ ನಾನು ಇಂಚರಳ ಆಸ್ಪತ್ರೆಯ ಮಾತೆತ್ತಿದ ಕೂಡಲೆ ನಿನಗೆ ಸಿಗ್ನಲ್ ಹೋಗುತ್ತೆ. ಮನೆಗೆ ಬಂದರೆ ಹಬ್ಬ, ನೆಂಟರು, ಎಣ್ಣೆನೀರು. ಅಮ್ಮನ ಮಾತು ಒಗ್ಗರಣೆ ಸದ್ದಿನಲ್ಲೇ ಮುಗಿದುಹೋಗುತ್ತೆ. ಚಾರ್ಲ್ಸ್ ನಾಳೆ ನಿಮ್ಮ ಕಡೆಯ ಮಿರಿ ಊರಿಗೆ ವಿಮಾನ ಹತ್ತುತ್ತಾನೆ. ಅವನು ನಿನ್ನ ಪಾಳಿಗೆ ಬಂದಿಳಿದರೆ ತಾನೆ ನಿನಗೆ ಅಲ್ಲಿಂದ ಬಿಡುಗಡೆ. ಕಾಗದ ಅವನ ಕೈಲಿ ಕೊಡುತ್ತೇನೆ, ನೀನು ಬರುವಾಗ ವಿಮಾನದಲ್ಲಿ ಕೂತು ಓದು. ಅಲ್ಲಿಂದ ಎದ್ದು ಹೋಗಲಿಕ್ಕೆ ಆಗಲ್ಲ. ಜೊತೆಗೆ ಕೋಡುಬಳೆ ಡಬ್ಬಿಯೂ ಇದೆ. 'ಕಾಗದಕ್ಕೆ ನಾನು ಜವಾಬ್ದಾರಿ ಸೀತಮ್ಮ, ಕೋಡುಬಳೆಗೆ ಅಲ್ಲ' ಅಂದಿದ್ದಾನೆ ಆ ಮಂಗಳೂರಿನವನು. ಡಬ್ಬಿ ಖಾಲಿ ಇದ್ದರೆ ಅವನನ್ನೇ ಕೇಳು.

ವಿಷಯ ಇಷ್ಟು. ನಿನಗೆ ಹೇಳದೆ ನಾನು ಇಂಚರಳಿಗೆ ಗುಡ್ಡ ಹತ್ತುವ ಸೈಕಲ್ ಒಂದನ್ನು ಮಾಡಿಸಿದ್ದೇನೆ. ಡಿಸೆಂಬರ್ ರಜೆಯಲ್ಲಿ ಕಾಲು ಉದ್ದ ಮಾಡುವ ಆಪರೇಷನ್ ಇದೆ, ಅಲ್ಲೀವರೆಗೆ ಬೀಳುವ ಏಳುವ ಆಟ ಯಾವುದೂ ಬೇಡ, ಮೂಳೆ ಜೋಪಾನ ಅಂತ ನೀನು ಹೇಳಿದ್ದು ನಾನು ಮರೆತಿಲ್ಲ. ಅವತ್ತು ಅವಳನ್ನು ಎತ್ತಿ ಅಡುಗೆಕಟ್ಟೆ ಮೇಲೆ ಕೂರಿಸಿ, ಎದುರಿಗೆ ನಿಂತು, ಎಷ್ಟು ನಿಧಾನವಾಗಿ, ಎಷ್ಟು ಅಕ್ಕರೆಯಿಂದ ಹೇಳಿದೆ. ಅವಳು ಅಂಬೆಗಾಲು ಬಿಟ್ಟಾಗಿನಿಂದ ದೊಡ್ಡ ಮಾತು ಏನಿದ್ದರೂ ನೀನು ಹಾಗೇ ಕೂರಿಸಿ ಹೇಳುವುದು. ಅವಳು ಕಾಲು ತೂಗಾಡಿಸುತ್ತ ಎಲ್ಲ ಕೇಳಿ 'ಓಕೆ ಅಪ್ಪ' ಅಂದಳು. ನೀನು ಇಳಿಸಿದೆ, ಅವಳು ರೂಮಿಗೆ ಹೋದಳು. ನಾನು ಪಕ್ಕದಲ್ಲೇ ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಆ 'ಓಕೆ' ನನಗೆ ಅಷ್ಟು ಸರಿಹೋಗಲಿಲ್ಲ.

ಅವಳ ಸ್ಕೂಲಿನ ಸ್ನೇಹಿತರದು ಒಂದು ಗುಂಪಿದೆ. ಭಾನುವಾರ ಬೆಳಗ್ಗೆ ಕಿಯಾರಾ ಗುಡ್ಡದ ಕಾಡುದಾರಿಯಲ್ಲಿ ಸೈಕಲ್ ಹೊಡೆಯುತ್ತಾರೆ. ಇವಳೂ ಹೋಗುತ್ತಿದ್ದಳು, ಗೇಟಿನವರೆಗೆ. ಅವರು ಮೇಲೆ ಹೋಗಿ ಬರುವ ತನಕ ಚೀಲ ಕಾಯುವುದು, ಬಂದ ಮೇಲೆ ಫೋಟೋ ತೆಗೆಯುವುದು. ಒಂದು ದಿನ ಮನೆಗೆ ಬಂದು, ತಾನು ಈ ಗುಂಪಿನ ಸೆಕ್ಯೂರಿಟಿ ಗಾರ್ಡ್ ಅಂತ ಇಂಗ್ಲಿಷಿನಲ್ಲಿ ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಮಾರನೆಯ ದಿನವೇ ಅವಳನ್ನು ಕರಕೊಂಡು ಸೈಕಲ್ ಅಂಗಡಿಗೆ ಹೋದೆ. ಹೋದ ಅಂಗಡಿಗಳಲ್ಲೆಲ್ಲ ಅವಳ ಎತ್ತರ ನೋಡಿ, ಹಿಡಿಯಿಂದ ರಿಬ್ಬನ್ ಜೋತಾಡುವ, ಬೆಕ್ಕಿನ ಚಿತ್ರ ಅಂಟಿಸಿದ ಮಕ್ಕಳ ಸೈಕಲ್ ತಂದು ನಿಲ್ಲಿಸುತ್ತಿದ್ದರು. ಹದಿನಾರು ವರ್ಷದವಳ ಮುಂದೆ. ಕೂತರೆ ಕಾಲೇನೋ ಸರಿ, ಆದರೆ ಬೆನ್ನು ಮಡಿಸಿ ಕೂತು ಮಂಡಿ ಹೋಗಿ ಹಿಡಿಗೆ ಬಡಿಯುತ್ತೆ. ನಿನಗೇ ಗೊತ್ತಲ್ಲ, ಸೊಂಟದಿಂದ ಮೇಲೆ ಅವಳು ತನ್ನ ಗೆಳತಿಯರಷ್ಟೇ. ಕೈ ಕಾಲು ಮಾತ್ರ ಗಿಡ್ಡ. ದೊಡ್ಡವರ ಸೈಕಲ್ಲಿಗೆ ಕೂರಿಸಿದರೆ ಬೆನ್ನಿಗೆ ಸರಿ, ಕಾಲು ಪೆಡಲಿಗೆ ಸಿಗಲ್ಲ, ಬೆರಳು ಬ್ರೇಕಿಗೆ ಸಿಗಲ್ಲ. ಒಬ್ಬ ಅಂಗಡಿಯವನು ಬಹಳ ಮರ್ಯಾದೆಯಿಂದಲೇ, ಇಂಥವರಿಗೆ ಮೂರು ಚಕ್ರದ್ದು ಬರುತ್ತೆ ಅಂದ. ಇಂಚರ ಥ್ಯಾಂಕ್ಯೂ ಹೇಳಿ ಹೊರಗೆ ಬಂದಳು.

ನೀನೇ ಹೇಳು, ನನ್ನ ಜೀವನ ನಡೆದಿದ್ದು ಯಾರಿಂದ? ರೆಡಿಮೇಡ್ ಬಟ್ಟೆ ಮೈಗೆ ಸರಿಹೋಗದವರಿಂದ. ಚಾಮುಂಡಿಪುರದ ಆ ಕಿರುಕೋಣೆಯಲ್ಲಿ ಹಳೇ ರವಿಕೆ ಬಿಚ್ಚಿ ಬಿಚ್ಚಿ ನಾನೇ ಹೊಲಿಗೆ ಕಲಿತೆ. ಒಂದು ಭುಜ ಇಳಿದವರು, ಬೆನ್ನು ಬಾಗಿದವರು ಎಲ್ಲಾ ನನ್ನ ಹತ್ತಿರವೇ ಬರುತ್ತಿದ್ದರು. ಸೈಕಲ್ಲು ಮಾತ್ರ ಯಾಕೆ ಹಾಗೆ ಹೊಲಿಯಬಾರದು ಅನ್ನಿಸಿತು. ವಿಚಾರಿಸಿದಾಗ ಇಂಚರಳ ಗೆಳತಿಯೊಬ್ಬಳು ರೋಸ್ಲಾನ್ ಅನ್ನುವವನ ಹೆಸರು ಹೇಳಿದಳು. ಹಳೇ ಪೇಟೆಯಲ್ಲಿ, ತಮಿಳು ಮುಸ್ಲಿಮರ ಒಂದು ಮಾಮಕ್ ಹೋಟೆಲಿನ ಹಿಂದೆ ಅವನ ಶೆಡ್ಡು. ಉಕ್ಕಿನ ಕೊಳವೆ ಕತ್ತರಿಸಿ, ಬೆಸುಗೆ ಹಾಕಿ ಸೈಕಲ್ಲಿನ ಫ್ರೇಮನ್ನೇ ಹೊಸದಾಗಿ ಮಾಡುತ್ತಾನೆ. ನನ್ನನ್ನು ಮಕ್ಚಿಕ್ ಅಂತಾನೆ, ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ. ನಾನು ಚೀಲದಿಂದ ಟೇಪು ತೆಗೆದಾಗ ಅವನು ಹೊಟ್ಟೆ ಹಿಡಿದು ನಕ್ಕ. 'ಮಕ್ಚಿಕ್, ಇದು ಪೈಪು ಲಾ, ಬಟ್ಟೆ ಅಲ್ಲ' ಅಂದನಂತೆ, ಇಂಚರ ಹೇಳಿದಳು. ಬಟ್ಟೆ ತಪ್ಪಿದರೆ ಮತ್ತೆ ಹೊಲೀಬಹುದು, ನಿನ್ನ ಪೈಪು ತಪ್ಪಿದರೆ ಏನು ಮಾಡ್ತೀಯ ಕೇಳು ಅಂದೆ. ಆಮೇಲೆ ನಕ್ಕಿಲ್ಲ.

ಅವನೂ ನಾನೂ ಸೇರಿ ಮೊದಲು ಪ್ಲಾಸ್ಟಿಕ್ ಪೈಪಿನಲ್ಲಿ ಒಂದು ಸುಳ್ಳು ಸೈಕಲ್ ಮಾಡಿದೆವು, ಕಚ್ಚಾ ಹೊಲಿಗೆ ಹಾಕುತ್ತೀವಲ್ಲ ಹಾಗೆ. ಕೀಲುಗಳಿಗೆ ನನ್ನ ಹಳೇ ಸೀರೆ ಅಂಚು ಬಿಗಿದು, ಸಡಿಲಿಸಿ, ಅವಳನ್ನು ಕೂರಿಸಿ, ಬಗ್ಗಿಸಿ ಅಳತೆ ತೆಗೆದೆವು. ನಡುವಿನ ಕೊಳವೆ ತಗ್ಗಿಸಬೇಕು, ಹಿಡಿ ಹತ್ತಿರ ತರಬೇಕು, ಪೆಡಲಿನ ತೋಳು ಗಿಡ್ಡ ಇರಬೇಕು, ಬ್ರೇಕು ಅವಳ ಬೆರಳಿಗೆ ಎಟುಕಬೇಕು. ಚಕ್ರ ಸಣ್ಣದಾದರೂ ಫ್ರೇಮು ದೊಡ್ಡವರ ಭಾರ ತಡೆಯಬೇಕು. ಎಲ್ಲ ಸರಿಯಾಗಿತ್ತು ಭುವನ. ಹಾಳು ಮಾಡಿದವಳು ನಾನು.

ಮಕ್ಕಳ ಬಟ್ಟೆ ಹೊಲಿಯುವವರು ಯಾರೂ ಇವತ್ತಿನ ಅಳತೆಗೆ ಹೊಲಿಯುವುದಿಲ್ಲ. ಒಳಗೆ ಬಟ್ಟೆ ಬಿಡುತ್ತಾರೆ, ಮುಂದಿನ ವರ್ಷ ಬಿಚ್ಚಲಿಕ್ಕೆ. ಕೈ ಹಾಗೇ ಪಳಗಿಬಿಟ್ಟಿದೆ. ಇಂಚರ ಸ್ಕೂಲಿನಲ್ಲಿದ್ದಾಗ ನಾನೊಬ್ಬಳೇ ಶೆಡ್ಡಿಗೆ ಹೋಗಿ, ಒಂದೊಂದು ಪೈಪಿಗೂ ಎರಡು ಬೆರಳು ಜಾಸ್ತಿ ಇಡು ಅಂತ ರೋಸ್ಲಾನನಿಗೆ ಕೈ ತೋರಿಸಿ ಹೇಳಿದೆ. ಅವನು ಅಂಗೈಯನ್ನು ಮೇಲೆ ಮೇಲೆ ಎತ್ತಿ, ಇನ್ನೂ ಬೆಳೀತಾಳಾ ಅಂತ ಕೇಳಿದ. ನಾನು ಹೂಂ ಅಂತ ತಲೆಯಾಡಿಸಿದೆ.

ಆಯುಧಪೂಜೆಗೆ ಸೈಕಲ್ ಬಂತು. ನನ್ನ ಕತ್ತರಿ, ಟೇಪು, ಮಿಷನ್ನಿನ ಪಕ್ಕದಲ್ಲಿ ಅದನ್ನೂ ನಿಲ್ಲಿಸಿ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಒಡೆಸಿದೆ. ಗಾನವಿ ಆಫೀಸಿಗೆ ಹೋದ ಮೇಲೆ. ಪಾರ್ಕಿಂಗಿನ ಸಮ ನೆಲದಲ್ಲಿ ಇಂಚರಳ ಹೆಬ್ಬೆರಳ ತುದಿ ನೆಲ ಮುಟ್ಟಿತು. ಸಂತೋಷದಲ್ಲಿ ಅವಳಿಗೂ ಅಷ್ಟೇ ಸಾಕಾಯಿತು. ಭಾನುವಾರ ಬ್ರಿಕ್‌ಫೀಲ್ಡ್ಸ್ ದೇವಸ್ಥಾನಕ್ಕೆ ಅಂತ ಗಾನವಿಗೆ ಹೇಳಿ ಗುಡ್ಡಕ್ಕೆ ಹೋದೆವು. ಗೇಟಿನಲ್ಲಿ ಈ ಸಲ ಚೀಲ ಕಾದವಳು ನಾನು. ಸ್ವಲ್ಪ ಹೊತ್ತಿಗೆ ಅವಳ ಗೆಳತಿ ಕೆಳಗೆ ಓಡಿ ಬಂದಳು. ಏರಿನಲ್ಲಿ ನಿಲ್ಲಿಸಬೇಕಾಗಿ ಬಂದು, ಕಾಲೂರಲು ಹೋಗಿ, ಆ ಎರಡು ಬೆರಳಿನಷ್ಟು ನೆಲ ಸಿಗದೆ ಇಳಿಜಾರಿಗೆ ಪಕ್ಕವಾಗಿ ಬಿದ್ದಿದ್ದಳು. ಗದ್ದ ಒಡೆದಿತ್ತು, ಮಣಿಕಟ್ಟು ನೋಡನೋಡುತ್ತ ಊದುತ್ತಿತ್ತು.

ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಬರುವ ತನಕ ಅವಳೂ ನಾನೂ ಒಂದೇ ಬೆಂಚಿನಲ್ಲಿ ಕೂತಿದ್ದೆವು. ಮೂಳೆಗೇನೂ ಆಗದಿರಲಿ ಅಂತ ಚಾಮುಂಡಿಗೆ ಹರಸಿಕೊಂಡೆ. ಗಾನವಿ ಮನೆಯಲ್ಲಿ ಕೂತು ಮಾಡುತ್ತಿದ್ದ ಆಫೀಸಿನ ಯಾವುದೋ ಕೆಲಸ ಬಿಟ್ಟು ಹಾಗೇ ಓಡಿ ಬಂದಳು. ಮಗಳ ಗದ್ದ ನೋಡಿದಳು, ನನ್ನ ಮುಖ ನೋಡಿದಳು, 'ದೇವಸ್ಥಾನ ಚೆನ್ನಾಗಿತ್ತಾ ಅತ್ತೆ?' ಅಂದಳು. ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು. ಡಾಕ್ಟರು ತಮಿಳು ಹುಡುಗಿ, ಚಿತ್ರವನ್ನು ಬೆಳಕಿಗೆ ಹಿಡಿದು, ಮೂಳೆ ಗಟ್ಟಿಯಾಗಿದೆ, ಬರೀ ಉಳುಕು ಅಂದಳು. ಬೆಳೆಯುವ ವಯಸ್ಸಿನ ಮೂಳೆ, ಬೇಗ ಸರಿಹೋಗುತ್ತಲ್ವಾ ಅಂತ ನಾನು ಕೇಳಿದೆ. ಬೆಳವಣಿಗೆ ಮುಗಿದಿದೆ ಪಾಟಿ, ಇನ್ನು ಇಷ್ಟೇ ಅಂತ ಅವಳು ಸ್ವಂತ ಅಜ್ಜಿಗೆ ಹೇಳಿದಷ್ಟು ಸಹಜವಾಗಿ ಹೇಳಿದಳು. ಗದ್ದಕ್ಕೆ ಹೊಲಿಗೆ ಹಾಕಿದರು. ಚೆನ್ನಾಗಿಯೇ ಹಾಕಿದ್ದಾರೆ, ಕನ್ನಡಕ ಹಾಕಿಕೊಂಡು ನೋಡಿದ್ದೇನೆ.

ಮಂಗಳವಾರ ಶೆಡ್ಡಿಗೆ ಹೋಗಿ, ಸೈಕಲ್ ಯಾಕೆ ಹೀಗಾಯಿತು ಅಂತ ಗಾನವಿ ರೋಸ್ಲಾನನ ಮೇಲೆ ಎಗರಿದಾಗ, ಅವನು ನನ್ನ ಕಡೆ ಎರಡು ಬೆರಳು ತೋರಿಸಿದ. ಇಂಚರ ಅಲ್ಲೇ ಇದ್ದಳು. ಮನೆಗೆ ಬಂದ ಮೇಲೆ ನನ್ನ ಮಿಷನ್ನಿನ ಹತ್ತಿರ ಬಂದು ನಿಂತಳು. ನಾನು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗು ಅವತ್ತು ಕನ್ನಡ ಹುಡುಕಿ ಹುಡುಕಿ ಹೇಳಿತು: 'ಅಜ್ಜಿ, ನಾನು ಬೆಳೆದು ಆಯ್ತು. ಇವತ್ತಿನ ನನಗೆ ಮಾಡು.'

ಅವಳು ಹೋದ ಮೇಲೆ ಅವಳ ಸ್ಕೂಲಿನ ಲಂಗವೊಂದನ್ನು ತೆಗೆದು ಕೆಳ ಅಂಚು ಬಿಚ್ಚಿದೆ. ಪ್ರತಿ ವರ್ಷ ನಾನೇ ಹೊಲಿಯುವುದು, ಪ್ರತಿ ವರ್ಷ ಒಳಗೆ ಬಟ್ಟೆ ಬಿಡುವುದು. ಹೊರಗೆಲ್ಲ ಒಗೆದು ಒಗೆದು ಬಣ್ಣ ಮಾಸಿದೆ. ಒಳಗೆ ಮಡಿಸಿದ ಪಟ್ಟಿ ಮಾತ್ರ ಅಂಗಡಿಯಿಂದ ಈಗ ತಂದ ಹಾಗೆ ಗಾಢ ನೀಲಿ. ಬಿಸಿಲು, ನೀರು ಏನೂ ಕಂಡಿಲ್ಲ. ಗಾನವಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎರಡು ದಿನದಿಂದ ನನ್ನ ಜೊತೆ ಮಾತಿಲ್ಲದವಳು ಒಳಗೆ ಬಂದು, ಆ ಲಂಗ ತಗೊಂಡು ತುಂಬ ಹೊತ್ತು ಕೈಯಲ್ಲೇ ಹಿಡಿದು ಕೂತಳು.

ಎರಡನೇ ಸಲದ ಅಳತೆಗೆ ಟೇಪಿನ ಆ ತುದಿ ಹಿಡಿದವಳು ಗಾನವಿಯೇ. ರೋಸ್ಲಾನ್ ಫ್ರೇಮನ್ನು ಗರಗಸದಿಂದ ಕೊಯ್ದು, ಹೆಚ್ಚಿದ್ದನ್ನು ತೆಗೆದು ಮತ್ತೆ ಬೆಸೆದ. ಬೆಸುಗೆಯ ಗುರುತು ಕಾಣುತ್ತೆ, ಬಣ್ಣ ಹಚ್ಚಿಸೋಣ ಅಂದರೆ ಇಂಚರ ಬೇಡ ಅಂದಳು. ಕೊಯ್ದ ತುಂಡುಗಳನ್ನು ಅವನು ನನ್ನ ಕೈಗೇ ಕೊಟ್ಟ, ಮುಂದಿನ ಮಗುವಿಗೆ ಇಟ್ಟುಕೊಳ್ಳಿ ಮಕ್ಚಿಕ್ ಅಂತ ಗೇಲಿ ಬೇರೆ. ಮಣಿಕಟ್ಟಿನ ಊತ ಇಳಿದು ಡಾಕ್ಟರು ಸರಿ ಅಂದ ಮೇಲೆ, ನಿನ್ನೆ ಸಾಯಂಕಾಲ ಪಾರ್ಕಿಂಗಿನ ಇಳಿಜಾರಿನಲ್ಲೇ ಹತ್ತಿ, ಮಧ್ಯದಲ್ಲಿ ಬೇಕೆಂದೇ ನಿಲ್ಲಿಸಿ, ಎರಡೂ ಪಾದ ಪೂರ್ತಿ ಊರಿ, ತಿರುಗಿ ನಮ್ಮನ್ನು ನೋಡಿದಳು. ಗಾನವಿ ನನ್ನ ತೋಳು ಹಿಡಿದುಕೊಂಡಿದ್ದಳು, ಇವತ್ತೂ ಅಲ್ಲಿ ನೋಯುತ್ತಿದೆ.

ಭಾನುವಾರ ಅವಳು ಗುಂಪಿನ ಜೊತೆ ಮೇಲಿನವರೆಗೂ ಹೋಗುತ್ತಾಳಂತೆ. ನೀನು ಶನಿವಾರ ಬರುತ್ತೀಯ, ಬೇಡ ಅನ್ನಬಹುದು. ಬೇಡ ಅಂದರೆ ಅವಳು 'ಓಕೆ ಅಪ್ಪ' ಅಂತಾಳೆ, ನನಗೆ ಗೊತ್ತು. ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡು, ಅವಳ ಮೇಲೆ ಬೇಡ. ಊಟ ಸರಿಯಾಗಿ ಮಾಡು, ಬರುವಾಗ ಸ್ವೆಟರ್ ಕೈಗೆ ಸಿಗುವ ಹಾಗಿಟ್ಟುಕೋ. ನಿನಗೆ ಒಳ್ಳೆಯದಾಗಲಿ ಮಗನೆ, ನೀನು ಆಸೆಪಟ್ಟಿದ್ದೆಲ್ಲ ಅವಳ ಒಳ್ಳೆಯದಕ್ಕೇ ಅಂತ ನನಗೆ ಅನುಮಾನವಿಲ್ಲ.

ನಿನ್ನ ದಾರಿ ನೋಡುತ್ತಿರುವ
ಅಮ್ಮ
ಸೀತಾಲಕ್ಷ್ಮಿ

ವಿ.ಸೂ.: ಚಾರ್ಲ್ಸ್‌ನ ಕಾರು ಕೆಳಗೆ ಬಂದು ನಿಂತಿದೆ. ಇಂಚರ ಕೋಡುಬಳೆ ಡಬ್ಬಿ ಕೊಡಲು ಹೋಗಿದ್ದಾಳೆ, ಅವಳು ವಾಪಸ್ ಬರುವುದರೊಳಗೆ ಇದನ್ನು ಬರೆಯಬೇಕು. ಅವಳಿಗೆ ಆ ಆಪರೇಷನ್ ಬೇಡ. ಕ್ಲಿನಿಕ್ಕಿನ ಬೆಂಚಿನಲ್ಲಿ ನಾನು ಮೂಳೆ ಮುರಿಯದಿರಲಿ ಅಂತ ಹರಸಿಕೊಳ್ಳುತ್ತಿದ್ದಾಗ, ಪಕ್ಕದಲ್ಲೇ ಅವಳು ಮುರಿದಿರಲಿ, ಡಿಸೆಂಬರ್ ತಪ್ಪಲಿ ಅಂತ ಬೇಡಿಕೊಳ್ಳುತ್ತಿದ್ದಳಂತೆ. ಇದನ್ನು ನನಗೆ ಹೇಳಿದ್ದಾಳೆ, ಗಾನವಿಗೂ ಹೇಳಿದ್ದಾಳೆ, ನಿನಗೆ ಹೇಳಲು ಅವಳಿಗೆ ಬಾಯಿ ಬರುತ್ತಿಲ್ಲ. ಹಬ್ಬ ಮುಗಿಸಿ ಆಸ್ಪತ್ರೆಗೆ ಒಪ್ಪಿಗೆ ಕೊಡುವ ಮುಂಚೆ ಅವಳನ್ನೇ ಒಮ್ಮೆ ಕೇಳು. ಅಡುಗೆಕಟ್ಟೆ ಮೇಲೆ ಕೂರಿಸಿ ಕೇಳಬೇಡ. ಭಾನುವಾರ ಗುಡ್ಡದ ಗೇಟಿನಲ್ಲಿ, ಅವಳು ಸೈಕಲ್ ಹಿಡಿದು ನಿಂತಿರುವಾಗ ಕೇಳು. ಆಗ ಅವಳ ಎರಡು ಪಾದವೂ ನೆಲದ ಮೇಲಿರುತ್ತೆ.