ಹೆಬ್ಬೆರಳಿನ ತಗ್ಗು

ಶಶಿಯಣ್ಣಾ,

‘ಪ್ರೀತಿಯ’ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರಿಗೆ ಯಾರಿಗೂ ನಿನ್ನಂಥ ಅಣ್ಣ ಇರಲಿಲ್ಲ ಬಿಡು. ನೀನು ಹೋಗಿ ಎರಡು ತಿಂಗಳಾಯಿತು. ಹದಿಮೂರನೆಯ ದಿನ ಊಟಕ್ಕೆ ಬಂದವರಿಗೆಲ್ಲ ನಾನೇ ಬಡಿಸಿದೆ, ಎಡಚಿಯಾದರೂ ನಿನ್ನ ಮರ್ಯಾದೆಗೆ ಕುಂದು ಬಾರದ ಹಾಗೆ ಬಲಗೈಯಲ್ಲೇ ಬಡಿಸಿದೆ. ಸಾರು ಚೆಲ್ಲಿತು. ಸಿಟ್ಟು ಮಾತ್ರ ಒಂದಿಷ್ಟೂ ಇಳಿದಿಲ್ಲ. ಮೊನ್ನೆ ಶನಿವಾರ ಇಲ್ಲಿ ನಮ್ಮ ಶೋರ್‌ಲೈನ್ ಊರಿನಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ನಿನಗೆ ಹೇಳದೆ ನನಗೆ ಊಟ ಸೇರುತ್ತಿಲ್ಲ. ಈ ಸಲವಾದರೂ ನಡುವೆ ಬಾಯಿ ಹಾಕದೆ ಪೂರ್ತಿ ಕೇಳು.

ಮದುವೆ ಮುರಿದುಕೊಂಡು ಎರಡು ಸೂಟ್‌ಕೇಸ್ ಹಿಡಿದು ಈ ಪರದೇಶದಲ್ಲಿ ನಿನ್ನ ರೆಡ್ಮಂಡಿನ ಮನೆಗೆ ಬಂದ ದಿನ ನೆನಪಿದೆಯಾ? ನೀನು ಏನೂ ಕೇಳಲಿಲ್ಲ. ಮಹಡಿಯ ಕೋಣೆ ತೋರಿಸಿದೆ, ಆಮೇಲೆ ಮಕ್ಕಳು ಆಟದ ಸಾಮಾನು ತೋರಿಸುವ ಹಾಗೆ ನಿನ್ನ ಮಡಚುವ ಚಾಕುಗಳ ಡ್ರಾಯರ್ ಎಳೆದೆ. ಜೇಬಿನಲ್ಲಿ ಹಿಡಿಸುವ ಪುಟ್ಟ ಪುಟ್ಟ ಚಾಕುಗಳು, ಒಂದೊಂದಕ್ಕೂ ಒಂದೊಂದು ಬಟ್ಟೆಯ ಚೀಲ. ಒಂದರ ಪ್ಲಾಸ್ಟಿಕ್ ಹಿಡಿ ಸೀಳಿತ್ತು. ಹಲ್ಲಿನ ಲ್ಯಾಬಿನಲ್ಲಿ ಕ್ಯಾಪ್ ಕೆತ್ತುವ ಕೆಲಸ ಕಲಿತವಳಿಗೆ ಅದೇನು ಮಹಾ? ಸ್ಕ್ರೂ ಬಿಚ್ಚಿ, ಗ್ಯಾರೇಜಿನಲ್ಲಿ ಬಿದ್ದಿದ್ದ ಮರದ ತುಂಡನ್ನು ಅರದಿಂದ ಉಜ್ಜಿ, ಹೊಸ ಹಿಡಿ ಕೂರಿಸಿದೆ. ಹೆಬ್ಬೆರಳು ಒರಗಲು ಒಂದು ಸಣ್ಣ ತಗ್ಗನ್ನೂ ಮಾಡಿದೆ. ನೀನು ಅದನ್ನು ಬೆಳಕಿಗೆ ಹಿಡಿದು, “ವಿಜೀ, ಏನೇ ಇದು! ಕೊಂಡ್ಕೊಂಡಾಗ ಇದ್ದಿದ್ದಕ್ಕಿಂತ ಚೆನ್ನಾಗಿದೆ ಕಣೇ” ಅಂದೆ. ಆ ವರ್ಷ ನನ್ನ ಬಗ್ಗೆ ಒಳ್ಳೆಯ ಮಾತಾಡಿದವನು ನೀನೊಬ್ಬನೇ. ಆ ಒಂದು ಮಾತಿಗೆ ಒಂಬತ್ತು ವರ್ಷ ದುಡಿದೆನಲ್ಲ, ಅದಕ್ಕೆ ನನಗೇ ಹೊಡೆದುಕೊಳ್ಳಬೇಕು.

ಭಾನುವಾರಗಳನ್ನು ನೆನೆಸಿಕೋ. ಮೂರು ವರ್ಷ ನಿನ್ನ ಮನೆಯಲ್ಲಿದ್ದು, ಶೋರ್‌ಲೈನಿನಲ್ಲಿ ಲ್ಯಾಬ್ ಕೆಲಸ ಹಿಡಿದು ಬೇರೆ ಮನೆ ಮಾಡಿದ ಮೇಲೂ ಬೆಳಗ್ಗೆ ನಿನ್ನ ಕಾರು ಬಂದು ನಿಲ್ಲುತ್ತಿತ್ತು. ಹಳೆಯ ಮೈಸೂರುಪಾಕಿನ ಡಬ್ಬಿಯಲ್ಲಿ ಹೊಸ ಚಾಕು, ಅದರ ಜೊತೆ “ನಿನಗೆ ಟೈಮ್ ಆದಾಗ ಮಾಡಿಡು” ಎಂಬ ಧಾರಾಳತನ. ಮುಗಿಸಿದ್ದನ್ನು ನಾನು ಕೈ ಚಾಚಿ ಕೊಡಲು ಬಂದರೆ, “ಕೆಳಗಿಡೇ, ಕೆಳಗಿಡು. ಚಾಕು ಕೈಯಿಂದ ಕೈಗೆ ಕೊಟ್ರೆ ಜಗಳ ಆಗತ್ತೆ” ಎನ್ನುತ್ತಿದ್ದೆ. ಅಮ್ಮ ಕಲಿಸಿದ್ದೇ, ಒಪ್ಪುತ್ತೇನೆ. ನಾನು ಮೇಜಿನ ಮೇಲೆ ಇಡುತ್ತಿದ್ದೆ, ನೀನು ಮೇಜಿನಿಂದ ಎತ್ತಿಕೊಳ್ಳುತ್ತಿದ್ದೆ. ನಿನ್ನ ಚಾಕು ಸಂಗ್ರಹಿಸುವ ಗೆಳೆಯರು ಯಾರೂ ಒಂಬತ್ತು ವರ್ಷದಲ್ಲಿ ಒಂದು ಸಲವೂ ಆ ಚಾಕುಗಳನ್ನು ನನ್ನ ಕೈಯಲ್ಲಿ ನೋಡಲಿಲ್ಲ. ಅವರ ಕಣ್ಣಿಗೆ ಎಲ್ಲವೂ ನಿನ್ನ ಜೇಬಿನಿಂದಲೇ ಹುಟ್ಟಿ ಬಂದವು. ಜಗಳ ಆಗಬಾರದೆಂದು ತಾನೇ ಈ ಏರ್ಪಾಡೆಲ್ಲ? ತಪ್ಪಿತೇ ಜಗಳ?

ಒಂದು ಆಯುಧಪೂಜೆಯ ದಿನ ನಿನ್ನ ಮನೆ ತುಂಬ ಜನ. ಊಟದ ಮೇಜಿನ ಮೇಲೆ ಕೆಂಪು ಬಟ್ಟೆ ಹಾಸಿ ಚಾಕುಗಳನ್ನೆಲ್ಲ ಬಿಡಿಸಿಟ್ಟಿದ್ದೆವು, ಪಕ್ಕದಲ್ಲಿ ನಿನ್ನ ಲ್ಯಾಪ್‌ಟಾಪು, ಕಾರಿನ ಕೀಲಿ. ನಾನು ಮರೆತು ಎಡಗೈಯ ಬೆರಳನ್ನು ಕುಂಕುಮದಲ್ಲಿ ಅದ್ದಿದೆ. ನೀನು ಥಟ್ಟನೆ ನನ್ನ ಮಣಿಕಟ್ಟು ಹಿಡಿದೆ. “ಆ ಕೈಯಲ್ಲಿ ಬೇಡ ಕಣೇ, ದೇವರ ಕೆಲಸ.” ಬಂದವರು ನಕ್ಕರು, ನೀನೂ ನಕ್ಕೆ, ಹಲ್ಲು ಕಚ್ಚಿಕೊಂಡು ನಾನೂ ನಕ್ಕೆ. ಅಲ್ಲಿದ್ದ ಒಂದೊಂದು ಹಿಡಿಯನ್ನೂ ಆ ಕೈಯೇ ಕೆತ್ತಿತ್ತು. ಅದು ನಿನಗೆ ಗೊತ್ತಿತ್ತು. ಗೊತ್ತಿದ್ದೂ ಹೇಗೆ…

ಅಮ್ಮನ ಮಣೆಯ ವಿಷಯ ಎತ್ತಬಾರದು ಎಂದುಕೊಂಡಿದ್ದೆ, ಎತ್ತುತ್ತೇನೆ. ಅವಳು ಕೂತು ಊಟ ಮಾಡುತ್ತಿದ್ದ ಬೀಟೆ ಮರದ ಮಣೆ. ಗೆದ್ದಲು ತಿಂದು ಉಳಿದದ್ದು ಅಂಗೈಯಷ್ಟು ತುಂಡು. ಅದನ್ನು ಮೈಸೂರಿನಿಂದ ಸೀರೆಯಲ್ಲಿ ಸುತ್ತಿ ತಂದು, ತಿಂಗಳುಗಟ್ಟಲೆ ಸವರಿ, ಒಂದು ಚಾಕುವಿಗೆ ಹಿಡಿ ಮಾಡಿದೆ. ಇದೊಂದು ನನಗಿರಲಿ ಎಂದೆ. ಪಾಲಿಶ್ ಆರಲಿ ಎಂದು ಮೇಜಿನ ಮೇಲಿಟ್ಟಿದ್ದೆ, ಭಾನುವಾರ ಅದೂ ನಿನ್ನ ಡಬ್ಬಿ ಸೇರಿತು. ಕೇಳಿದರೆ, “ನಮ್ಮ ಮ್ಯಾನೇಜರ್‌ಗೆ ಕೊಟ್ಬಿಟ್ಟೆ, ಪಾಪ ಅವನಿಗೆ ತುಂಬ ಇಷ್ಟ ಆಯ್ತು. ಇನ್ನೊಂದು ಮಾಡಿದ್ರಾಯ್ತು ಬಿಡೇ.” ಇನ್ನೊಬ್ಬ ಅಮ್ಮನನ್ನು ಎಲ್ಲಿಂದ ತರಲಿ? ಆವತ್ತೇ ಬಾಗಿಲು ಹಾಕಿಕೊಳ್ಳಬೇಕಿತ್ತು. ಕಷ್ಟದಲ್ಲಿ ಇಟ್ಟುಕೊಂಡವನು ಎಂದು ಸುಮ್ಮನಾದೆ.

ನಿನ್ನ ಚಾಕು ಗುಂಪಿನವರು ಆ ತಗ್ಗಿಗೆ ‘ಶಶಿ ಗ್ರಿಪ್’ ಎಂದು ಹೆಸರಿಟ್ಟಿದ್ದಾರೆಂದು ನೀನು ಬೀಗುತ್ತ ಹೇಳಿದ ದಿನ ನಾನು ನಕ್ಕಿದ್ದೆ, ಯಾಕೆಂದು ನೀನು ಕೇಳಲಿಲ್ಲ. ಈಗ ಹೇಳುತ್ತೇನೆ. ಹಿಡಿ ಕೆತ್ತುವಾಗ ನಾನು ಅದನ್ನು ನನ್ನ ಎಡಗೈಯಲ್ಲಿ ಹಿಡಿದು ಹಿಡಿದು ನೋಡುತ್ತಿದ್ದೆ. ಹಾಗಾಗಿ ಹೆಬ್ಬೆರಳಿನ ತಗ್ಗು ಎಡಗೈಯವರಿಗೆ ಬೇಕಾದ ಬದಿಯಲ್ಲಿ ಬೀಳುತ್ತಿತ್ತು. ಬಲಗೈಯಲ್ಲಿ ಹಿಡಿದರೆ ಅದು ತೋರುಬೆರಳಿನ ಕೆಳಗೆ, ಅದೂ ಸರಿಯಾಗಿ ಅಲ್ಲ, ಸ್ವಲ್ಪ ಆಚೆಗೆ ಬರುತ್ತದೆ. ಅದು ನನ್ನ ತಪ್ಪು, ಎಡಚಿಯ ಅಭ್ಯಾಸಬಲ. ಹಿಡಿ ಮಾಡಿದವನು ನೀನೇ ಆಗಿದ್ದರೆ ನಿನಗೆ ಮೊದಲ ದಿನವೇ ಗೊತ್ತಾಗುತ್ತಿತ್ತು. ನೀನೋ, ಯಾಕೆ ಹೀಗೆ ಎಂದು ಅವರು ಕೇಳಿದರೆ, “ಇದು ನಮ್ಮ ಮೈಸೂರಿನ ಹಳೇ ಪದ್ಧತಿ” ಅಂದೆಯಂತೆ! ಯಾವ ಮೈಸೂರು, ಯಾವ ಪದ್ಧತಿ ಮಾರಾಯ? ನಮ್ಮ ಮನೆಯಲ್ಲಿದ್ದದ್ದು ಒಂದು ಈಳಿಗೆಮಣೆ, ಒಂದು ಮೊಂಡು ಚಾಕು.

ಕೊನೆಯ ಸಲ ನಾವು ಒಟ್ಟಿಗೆ ಹೋದದ್ದು ನಿನ್ನ ಗುಂಪಿನ ವರ್ಷದ ಪ್ರದರ್ಶನಕ್ಕೆ. ದಾರಿಯಲ್ಲಿ, “ಈ ಸಲ ನನ್ನ ಹೆಸರು ಹೇಳು” ಎಂದೆ. “ಯಾರು ಮಾಡಿದ್ರೇನೇ? ಮನೇದು ತಾನೇ?” ಅಂದೆ. ಅಲ್ಲಿ ಹೋಗಿ ಹತ್ತು ಜನರ ಮುಂದೆ ನನ್ನ ಹೆಗಲ ಮೇಲೆ ಕೈಯಿಟ್ಟು, ಪಾಲಿಶ್ ಹಚ್ಚಲು ತಂಗಿ ಸಹಾಯ ಮಾಡುತ್ತಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ವಾಪಸ್ಸು ಬರುವಾಗ ಕಾರಿನಲ್ಲಿ ಜಗಳ ತೆಗೆದೆ. ನೀನು ರಸ್ತೆಯಿಂದ ಕಣ್ಣು ತೆಗೆಯದೆ, “ಮೂರು ವರ್ಷ ಅನ್ನ ಹಾಕಿದ್ದು ನೆನಪಿಲ್ವಾ?” ಎಂದು ಕೇಳಿದೆ. ನೆನಪಿದೆ, ಚೆನ್ನಾಗಿ ನೆನಪಿದೆ. ಇನ್ನು ಡಬ್ಬಿ ತರಬೇಡ ಎಂದು ಇಳಿದು ಹೋದೆ. ಆರು ತಿಂಗಳು ನೀನೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಆಮೇಲೆ ಬಂದ ಫೋನು ಸುಮಾ ಅತ್ತಿಗೆಯದು, ಆಸ್ಪತ್ರೆಯಿಂದ. ಕ್ಷಮೆ ಕೇಳುವ ಮೊದಲೇ ಹೋಗಿಬಿಟ್ಟೆಯಲ್ಲ, ಇದಕ್ಕೆ ಏನು ಹೇಳಲಿ? ಅಲ್ಲೂ ತಪ್ಪಿಸಿಕೊಂಡೆ.

ಮೊನ್ನೆ ಶನಿವಾರ ನಿನ್ನ ಗುಂಪಿನವರು ಲೈಬ್ರರಿಯ ಒಂದು ಕೋಣೆಯಲ್ಲಿ ನಿನ್ನ ನೆನಪಿಗೆ ಸೇರಿದ್ದರು. ಮೇಜಿನ ಮೇಲೆ ನಿನ್ನವು, ನೀನು ಅವರಿಗೆ ಕೊಟ್ಟವು ಎಲ್ಲ ಸೇರಿ ಹತ್ತೊಂಬತ್ತು ಚಾಕು, ಹಿಂದೆ ನಿನ್ನ ನಗುವ ಫೋಟೋ. ಅತ್ತಿಗೆ ನನ್ನ ಕೈಗೆ ಒಂದು ಕಾಗದ ತುರುಕಿ, “ಅಣ್ಣನ ಕೈಕೆಲಸದ ಬಗ್ಗೆ ಎರಡು ಮಾತು ಬರೆದಿದೀನಿ, ಓದ್ಬಿಡು ವಿಜಿ. ಹೋದವರ ಮಾನ ಕಣೇ” ಎಂದರು. ಒಬ್ಬೊಬ್ಬರೂ ಎದ್ದು ನಿನ್ನ ಬೆರಳುಗಳನ್ನು, ನಿನ್ನ ತಾಳ್ಮೆಯನ್ನು ಹೊಗಳಿದರು. ತಾಳ್ಮೆ! ಬಾಣಲೆ ಕಾಯುವವರೆಗೆ ನಿಲ್ಲಲಾಗದವನ ತಾಳ್ಮೆ! ನನ್ನ ಸರದಿ ಬಂತು. ಎದ್ದೆ, ಕಾಗದ ಬಿಡಿಸಿದೆ. ಅಷ್ಟರಲ್ಲಿ ವಾಲ್ಟ್ ಎಂಬ ಮುದುಕ, ಒಂದು ಕಾಲಕ್ಕೆ ದೋಣಿ ಕಟ್ಟುತ್ತಿದ್ದನಂತೆ, ಒಂದು ಚಾಕು ಎತ್ತಿ, ಇದನ್ನು ಹಿಡಿದುಕೊಂಡು ಮಾತಾಡು ಎಂದು ನನ್ನ ಕಡೆ ಚಾಚಿದ. ಕೈಯಿಂದ ಕೈಗೆ. ಕೆಳಗಿಡಿ ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಎಡಗೈ ತಾನಾಗಿ ಮುಂದೆ ಹೋಯಿತು. ಹೆಬ್ಬೆರಳು ಹೋಗಿ ತಗ್ಗಿನಲ್ಲಿ ಕೂತಿತು, ಒಂದೇ ನೂಕಿಗೆ ಅಲಗು ಬಿಚ್ಚಿಕೊಂಡಿತು.

ವಾಲ್ಟ್ ನನ್ನ ಕೈಯನ್ನೇ ನೋಡುತ್ತ ನಿಂತ. ಇನ್ನೊಂದು ಚಾಕು ಕೊಟ್ಟ, ಮತ್ತೊಂದು ಕೊಟ್ಟ. ಮೂರೂ ಅಷ್ಟೇ ಸಲೀಸಾಗಿ ಕೂತವು. ಆಮೇಲೆ ಮೆಲ್ಲಗೆ ಕೇಳಿದ, “ಶಶಿ ಬಲಗೈಯವನಲ್ಲವೇ?” ನಾನು ಅತ್ತಿಗೆಯ ಕಡೆ ನೋಡಿದೆ. ಅವರು ತಲೆ ತಗ್ಗಿಸಿದ್ದರು. ಕಾಗದ ಮಡಚಿ ಮೇಜಿನ ಮೇಲಿಟ್ಟೆ. “ಇವೆಲ್ಲ ನಾನು ಮಾಡಿದ್ದು. ಒಂದೂ ಬಿಡದೆ” ಎಂದೆ. ದನಿ ನಡುಗಲಿಲ್ಲ, ನಿನ್ನಾಣೆ. ವಾಲ್ಟ್ ಒಂದು ಕುರ್ಚಿ ಎಳೆದುಕೊಂಡು ಕೂತು, ಇಷ್ಟು ವರ್ಷ ಒಂದು ತಪ್ಪು ತಗ್ಗಿಗೆ ನಮ್ಮ ಬೆರಳು ಒಗ್ಗಿಸಿಕೊಂಡೆವಲ್ಲ ಎಂದು ಹೊಟ್ಟೆ ಹಿಡಿದು ನಕ್ಕ. ನಿನ್ನ ಮಾನ ಹೋಯಿತು ಅಣ್ಣ, ಹತ್ತೊಂಬತ್ತು ಚಾಕುಗಳ ಮುಂದೆ ಹೋಯಿತು. ನನಗೆ ಸಂತೋಷವೇ ಆಯಿತು.

ಕಾರಿನ ಹತ್ತಿರ ಅತ್ತಿಗೆ ಬೈಯುತ್ತಾರೆ ಎಂದು ಕಾದಿದ್ದೆ. ಅವರು ಬೈಯಲಿಲ್ಲ. “ನಂಗೆ ಗೊತ್ತಿತ್ತು ವಿಜಿ. ಅವರ ಕೈಮೇಲೆ ಒಂದು ಗೀರೂ ಇರ್ತಿರ್ಲಿಲ್ಲ. ಕೊನೇ ಎರಡು ತಿಂಗಳು ಮಾತ್ರ ಬೆರಳಿಗೆಲ್ಲ ಬ್ಯಾಂಡೇಜು, ಗ್ಯಾರೇಜಲ್ಲಿ ಅದೇನು ಮಾಡ್ತಿದ್ರೋ” ಎಂದು ಹಿಂದಿನ ಸೀಟಿನಿಂದ ಒಂದು ಮೈಸೂರುಪಾಕಿನ ಡಬ್ಬಿ ತೆಗೆದು ಕೊಟ್ಟರು.

ಒಳಗೆ ಒಂದು ಚಾಕು ಇತ್ತು. ಹಿಡಿ ಸೊಟ್ಟ, ಎರಡು ಸ್ಕ್ರೂ ಓರೆ, ಮೂಲೆಯಲ್ಲಿ ಅಂಟು ಉಕ್ಕಿ ಒಣಗಿದೆ. ಇಷ್ಟು ಕೆಟ್ಟ ಕೆಲಸವನ್ನು ನಾನು ಜನ್ಮದಲ್ಲಿ ಕಂಡಿಲ್ಲ. ತಗ್ಗು ಮಾತ್ರ ಎಡಗೈಯ ಬದಿಯಲ್ಲಿದೆ. ನನ್ನ ಹೆಬ್ಬೆರಳು ಅದರಲ್ಲಿ ಕೂರುತ್ತದೆ, ಸರಿಯಾಗಿ ಅಲ್ಲದಿದ್ದರೂ ಕೂರುತ್ತದೆ. ಈಗ ಹೇಳು. ನನಗೆ ಕೊಡಬೇಕೆಂದು ನನ್ನ ಕೈಯನ್ನು ನೆನೆಸಿಕೊಂಡು ಕೆತ್ತಿದೆಯಾ? ಅಥವಾ ನನ್ನದನ್ನು ಪಕ್ಕದಲ್ಲಿಟ್ಟುಕೊಂಡು, ಯಾವ ಕೈಯದೆಂದು ಕೊನೆಗೂ ತಿಳಿಯದೆ, ಸುಮ್ಮನೆ ನಕಲು ಹೊಡೆದೆಯಾ? ಒಂದು ಚೀಟಿ ಬರೆದಿಡಲು ಏನಾಗಿತ್ತು ನಿನಗೆ? ಇದೊಂದನ್ನು ತಿಳಿಯಲು ನಾನು ಯಾರನ್ನು ಕೇಳಲಿ…

ಅದನ್ನು ನಾನು ನೇರ ಮಾಡುವುದಿಲ್ಲ, ಎಸೆಯುವುದೂ ಇಲ್ಲ. ಈ ಸಲದ ಆಯುಧಪೂಜೆ ನನ್ನ ಮನೆಯಲ್ಲಿ. ವಾಲ್ಟ್ ಮತ್ತು ಉಳಿದವರು ತಮ್ಮ ತಮ್ಮ ಚಾಕು ತರುತ್ತಾರೆ, ಅತ್ತಿಗೆ ಕೋಸಂಬರಿ ಮಾಡುತ್ತಾರೆ. ಕೆಂಪು ಬಟ್ಟೆಯ ಮೇಲೆ ನನ್ನವುಗಳ ಕೊನೆಯಲ್ಲಿ ನಿನ್ನ ಸೊಟ್ಟ ಚಾಕುವನ್ನೂ ಇಡುತ್ತೇನೆ. ಎಲ್ಲಕ್ಕೂ ಕುಂಕುಮ ಎಡಗೈಯಲ್ಲೇ ಇಡುತ್ತೇನೆ, ನಿನ್ನದಕ್ಕೂ. ಮಣಿಕಟ್ಟು ಹಿಡಿದು ತಡೆಯುವುದಿದ್ದರೆ ಬಾ ಅಣ್ಣ, ನೋಡೋಣ.

ವಿಜಿ