ಕಾಲೇಜಿನ ಪುಸ್ತಕದಲ್ಲಿ ಅಪ್ಪ

ಅಕ್ಕಾ,

ನಿನ್ನ ಕಾಲೇಜಿನವರು ಕಳಿಸಿದ ಪುಸ್ತಕ ತಲುಪಿದೆ. ಬೇರೆ ದೇಶಗಳಿಂದ ವಿದ್ಯಾರ್ಥಿವೇತನದ ಮೇಲೆ ಹೋಗಿ ಈ ವರ್ಷ ಪದವಿ ಪಡೆಯುತ್ತಿರುವ ನೀವೆಲ್ಲ ಒಂದೊಂದು ಪುಟ ಬರೆದಿದ್ದೀರಿ. ಅಪ್ಪ ಹೊಲಿಗೆ ಮೆಷಿನ್ ನಿಲ್ಲಿಸಿ, ಕೈ ತೊಳೆದುಕೊಂಡು ಬಂದು ಕೂತರು. ಪಕ್ಕದ ಅಂಗಡಿಯ ಚಪ್ಪಲಿ ರಿಪೇರಿಯವನನ್ನೂ ಕರೆದು, ಪುಸ್ತಕವನ್ನು ನನ್ನ ಕೈಗಿಟ್ಟರು.

"ಏನಪ್ಪಾ ಪಂಡಿತ, ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ರೂ ಇಷ್ಟಾದ್ರೂ ಓದೋಕೆ ಬರುತ್ತಲ್ಲ. ನನ್ನ ಮಗಳು ಏನ್ ಬರ್ದಿದ್ದಾಳೆ ಹೇಳು."

ನಿಘಂಟು ನೋಡುತ್ತ ನಿನ್ನ ಪುಟದ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ. ಮೂರನೇ ಸಾಲಿನಲ್ಲಿ, ನಿನಗೆ ಹತ್ತು ವರ್ಷವಿದ್ದಾಗ ಅಪ್ಪ ತೀರಿಹೋದರು ಎಂದಿತ್ತು. ಅದನ್ನು ಹಾರಿಸಿ ಮುಂದಕ್ಕೆ ಹೋಗಬಹುದಿತ್ತು. ನಾನು ಹಾರಿಸಲಿಲ್ಲ.

ರಿಪೇರಿಯವನು ನಕ್ಕುಬಿಟ್ಟ. "ಏನ್ರೀ ಟೈಲರೇ, ಸತ್ತು ಇಷ್ಟು ವರ್ಷ ಆದ್ರೂ ನಮಗೊಂದು ಮಾತು ಹೇಳಿಲ್ವಲ್ಲ!"

ಅಪ್ಪನೂ ನಕ್ಕರು. "ತಂದೆ ಇಲ್ಲದ ಮಕ್ಕಳಿಗೆ ಅವ್ರು ಸ್ಕಾಲರ್‌ಶಿಪ್ ಬೇಗ ಕೊಡ್ತಾರೇನೋ. ಮುಂದೆ ಓದೋ," ಅಂದರು.

ಮುಂದೆ ಪುಟದ ಕೊನೆಯವರೆಗೂ ಅಪ್ಪನ ಸುದ್ದಿ ಇರಲಿಲ್ಲ.

ಪದವಿ ಸಮಾರಂಭಕ್ಕೆ ಅವರ ಟಿಕೆಟ್ ಆಗಿದೆ. ಕೋಟನ್ನು ತಾವೇ ಹೊಲಿದುಕೊಂಡಿದ್ದಾರೆ. ನಾನು ಬರುವುದಿಲ್ಲ. ಯಾರಾದರೂ ಕೇಳಿದರೆ ನಿಜ ಹೇಳಿಬಿಡುತ್ತೇನೆ, ನಿನಗೇ ಗೊತ್ತಲ್ಲ. ಅಪ್ಪ ಹಾಗಲ್ಲ. ಅಲ್ಲಿನ ಭಾಷೆಯಲ್ಲಿ ಚಿಕ್ಕಪ್ಪನಿಗೆ ಏನನ್ನುತ್ತಾರೆ ಎಂದು ನನ್ನಿಂದ ತಿಳಿದುಕೊಂಡು, ನಿನ್ನೆಯಿಂದ ಮೆಷಿನ್ ತುಳಿಯುತ್ತಲೇ ಆ ಪದವನ್ನು ಬಾಯಿಪಾಠ ಮಾಡುತ್ತಿದ್ದಾರೆ.

ಚಿಕ್ಕಪ್ಪನಾದರೆ ಫೋಟೋದಲ್ಲಿ ನಿನ್ನ ಪಕ್ಕ ನಿಲ್ಲಬಹುದಾ, ಇಲ್ಲ ಹಿಂದೆ ನಿಲ್ಲಬೇಕಾ ಎಂದು ಕೇಳಿ ಬರೆಯಲು ಹೇಳಿದ್ದಾರೆ. ಬೇಗ ತಿಳಿಸು.

ನಿನ್ನ ತಮ್ಮ